ಪಾಲಿಕೆ ಐದಾಯಿತು, ದಾಖಲೆ ಎಷ್ಟಾಗಬೇಕು?

2025ರ ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗಕ್ಕೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಬಂದವು. ಅವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಸ್ಥಾಪನೆಯಾಯಿತು. ಕೊನೆಯ ಬಾರಿ ಚುನಾವಣೆ ಕಂಡ 198 ವಾರ್ಡುಗಳ ಜಾಗದಲ್ಲಿ ಈಗ 369 ವಾರ್ಡುಗಳಿವೆ. ಇಷ್ಟು ದೊಡ್ಡ ಬದಲಾವಣೆಯಾದರೂ ಮನೆ, ಸೈಟು ಇರುವವರನ್ನು ಕಾಡುತ್ತಿರುವ ಪ್ರಶ್ನೆಗಳು ಸಣ್ಣವೇ. ಬಿಬಿಎಂಪಿ ಹೆಸರಿನಲ್ಲಿ ಸಿಕ್ಕ ಇ–ಖಾತಾ, ಅಂದರೆ ಆಸ್ತಿ ಖಾತೆಯ ಡಿಜಿಟಲ್ ಪ್ರತಿ, ಇನ್ನು ನಡೆಯುತ್ತದೆಯೇ, ಆಸ್ತಿ ತೆರಿಗೆ ಕಟ್ಟುವ ಜಾಲತಾಣ ಒಂದೇ ಇರುತ್ತದೆಯೇ ಅಥವಾ ಐದಾಗುತ್ತದೆಯೇ, ಹಳೆಯ ವಾರ್ಡ್ ಸಂಖ್ಯೆ ಹೊತ್ತ ಕಾಗದಗಳನ್ನೆಲ್ಲ ತಿದ್ದಿಸಬೇಕೇ?

ಮೊದಲನೆಯದಕ್ಕೆ ಉತ್ತರ ಸುಲಭ. ಒಂದು ಸ್ಥಳೀಯ ಸಂಸ್ಥೆ ಹೋಗಿ ಅದರ ಉತ್ತರಾಧಿಕಾರಿ ಬಂದಾಗ ಹಿಂದಿನ ಆದೇಶ, ದಾಖಲೆಗಳು ಊರ್ಜಿತವಾಗಿ ಮುಂದುವರಿಯುವುದು ಇಂಥ ಕಾಯ್ದೆಗಳ ಸಾಮಾನ್ಯ ಕ್ರಮ. ಉಳಿದ ಎರಡಕ್ಕೆ ಅಷ್ಟು ನೇರವಾದ ಉತ್ತರವಿಲ್ಲ. ಗಡಿಯನ್ನು ಒಂದು ಅಧಿಸೂಚನೆಯಲ್ಲಿ ಬದಲಿಸಬಹುದು. ಹತ್ತಾರು ವರ್ಷ ಬೇರೆ ಬೇರೆ ಕಚೇರಿಗಳಲ್ಲಿ ಬೆಳೆದ ದಾಖಲೆಗಳು ಆ ಅಧಿಸೂಚನೆಯ ಮಾತು ಕೇಳುವುದಿಲ್ಲ. ದೊಡ್ಡ ಸಂಸ್ಥೆಯೊಂದು ತನ್ನ ಕೆಲಸ, ಮಾಹಿತಿ, ತಂತ್ರಾಂಶ ಮತ್ತು ಯಂತ್ರಗಳ ನಡುವಿನ ಸಂಬಂಧವನ್ನು ಬರೆದಿಟ್ಟುಕೊಂಡು, ಬದಲಾವಣೆ ಬಂದಾಗ ಯಾವುದನ್ನು ಮೊದಲು ಅಲುಗಾಡಿಸಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ನಿರ್ಧರಿಸುವ ವಿದ್ಯೆಗೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂದು ಹೆಸರು. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಕೂತು ಕಡಲಾಚೆಯ ಬ್ಯಾಂಕುಗಳಿಗಾಗಿ ಈ ನಕ್ಷೆಗಳನ್ನು ಬರೆಯುವವರು ಈ ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಅದೇ ವಿದ್ಯೆ ಈಗ ಊರಿಗೇ ಬೇಕಾಗಿ ಬಂದಿದೆ.

ಒಂದು ಸೈಟು, ಎಂಟು ಸಂಖ್ಯೆ

ತೊಡಕು ಎಲ್ಲಿದೆಯೆಂದು ನೋಡಲು ಒಂದೇ ಒಂದು 30×40 ಸೈಟನ್ನು ಕಲ್ಪಿಸಿಕೊಳ್ಳೋಣ. ಅದು 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆಯ ಜೊತೆಗೆ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿದೆ. ಮೂಲದಲ್ಲಿ ಅದು ಹೊಲ. ಹಾಗಾಗಿ ಭೂಮಿ ತಂತ್ರಾಂಶದ ಪಹಣಿಯಲ್ಲಿ ಅದಕ್ಕೆ ಸರ್ವೆ ನಂಬರು, ಹಿಸ್ಸಾ ನಂಬರು ಇವೆ. ಬಡಾವಣೆಯಾದ ಮೇಲೆ ಗ್ರಾಮ ಪಂಚಾಯಿತಿ ಅದಕ್ಕೊಂದು ಖಾತಾ ಸಂಖ್ಯೆ ಕೊಟ್ಟಿತು. ಬಿಬಿಎಂಪಿಗೆ ಸೇರಿದ ಮೇಲೆ ಕ್ರಮಬದ್ಧ ಆಸ್ತಿಗಳ ‘ಎ’ ವಹಿಯಲ್ಲೋ ಹಾಗಲ್ಲದವುಗಳ ‘ಬಿ’ ವಹಿಯಲ್ಲೋ ಇನ್ನೊಂದು ಸಂಖ್ಯೆ ಬಂತು. ಸ್ವಯಂ ಘೋಷಣೆಯಡಿ ತೆರಿಗೆ ಕಟ್ಟಿದಾಗ ಎಸ್‌ಎಎಸ್ ಅರ್ಜಿ ಸಂಖ್ಯೆ ಹುಟ್ಟಿತು. ಮಾರಾಟವಾದಾಗ ಉಪನೋಂದಣಿ ಕಚೇರಿಯ ಕಾವೇರಿ ತಂತ್ರಾಂಶದಲ್ಲಿ ದಸ್ತಾವೇಜು ಸಂಖ್ಯೆ, ಕರೆಂಟು ಬಂದಾಗ ಬೆಸ್ಕಾಂನ ಆರ್‌ಆರ್ ನಂಬರು, ಕಾವೇರಿ ನೀರು ಬಂದಾಗ ಜಲಮಂಡಳಿಯ ಇನ್ನೊಂದು ಆರ್‌ಆರ್ ನಂಬರು. ಕೊನೆಗೆ ಇ–ಖಾತಾದ ಜೊತೆ ಇ–ಪಿಐಡಿ ಎಂಬ ಆಸ್ತಿ ಗುರುತಿನ ಸಂಖ್ಯೆ.

ಸಂಖ್ಯೆಗಳ ಕಥೆ ಹೀಗಾದರೆ ಹೆಸರಿನದು ಇನ್ನೂ ಸ್ವಾರಸ್ಯ. ಪಹಣಿಯಲ್ಲಿ ‘ಮುನಿಯಪ್ಪ ಬಿನ್ ನಂಜಪ್ಪ’ ಎಂದಿರುವವರು ಕ್ರಯಪತ್ರದಲ್ಲಿ ‘ಎನ್. ಮುನಿಯಪ್ಪ’ ಆಗಿರುತ್ತಾರೆ, ಆಧಾರ್‌ನಲ್ಲಿ ‘ಮುನಿಯಪ್ಪ ಎನ್’ ಆಗಿರುತ್ತಾರೆ. ಕರೆಂಟು ಬಿಲ್ಲು ಎಂದೋ ತೀರಿಕೊಂಡ ನಂಜಪ್ಪನವರ ಹೆಸರಿಗೇ ಬರುತ್ತಿರುತ್ತದೆ. ಇವರೆಲ್ಲ ಒಂದೇ ಮನೆಯವರು ಎಂದು ಬೀದಿಯ ಅಂಗಡಿಯವನಿಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ.

ಇದರಲ್ಲಿ ಯಾವ ಇಲಾಖೆಯೂ ತಪ್ಪು ಮಾಡಿಲ್ಲ ಎಂಬುದನ್ನು ಗಮನಿಸಬೇಕು. ಬೆಸ್ಕಾಂಗೆ ಬೇಕಾದದ್ದು ಮೀಟರಿನ ಗುರುತು, ಮಾಲೀಕರ ವಂಶಾವಳಿಯಲ್ಲ. ಉಪನೋಂದಣಿ ಕಚೇರಿ ದಾಖಲಿಸುವುದು ವ್ಯವಹಾರವನ್ನು, ಆಸ್ತಿಯನ್ನಲ್ಲ. ಪಾಲಿಕೆಯ ಖಾತೆಯೂ ಹಕ್ಕುಪತ್ರವಲ್ಲ, ತೆರಿಗೆ ಯಾರಿಂದ ವಸೂಲಿ ಮಾಡಬೇಕೆಂಬ ಲೆಕ್ಕದ ದಾಖಲೆ. ತಂತಮ್ಮ ಕೆಲಸಕ್ಕೆ ಸರಿಯಾದ ಸಂಖ್ಯೆಯನ್ನೇ ಪ್ರತಿಯೊಬ್ಬರೂ ಮಾಡಿಕೊಂಡರು. ಆದರೆ 2024ರ ಅಕ್ಟೋಬರ್‌ನಲ್ಲಿ ಬಿಬಿಎಂಪಿ ವ್ಯಾಪ್ತಿಯ ಆಸ್ತಿ ನೋಂದಣಿಗೆ ಇ–ಖಾತಾ ಕಡ್ಡಾಯವಾದಾಗ ಈ ಸಂಖ್ಯೆಗಳೆಲ್ಲ ಮೊದಲ ಬಾರಿಗೆ ಒಂದೇ ಪರದೆಯ ಮೇಲೆ ಮುಖಾಮುಖಿಯಾದವು. 20 ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ದಾಖಲೆ ಜಾಲತಾಣಕ್ಕೆ ಬಂತು. ಅದನ್ನು ಆಧಾರ್, ಕ್ರಯಪತ್ರ, ತೆರಿಗೆ ರಸೀದಿಗಳೊಂದಿಗೆ ತಾಳೆ ಹಾಕುವ ಹೊಣೆ ಮಾಲೀಕರ ತಲೆಗೆ ಬಿತ್ತು. ಇಲಾಖೆಗಳ ನಡುವೆ ಮೊದಲೇ ಆಗಬೇಕಿದ್ದ ಹೊಂದಾಣಿಕೆಯನ್ನು ನಾಗರಿಕರು ಸರತಿಯಲ್ಲಿ ನಿಂತು ಮಾಡಿಕೊಟ್ಟರು ಎನ್ನಬಹುದು.

ವಾರ್ಡನ್ನು ಹೊಟ್ಟೆಯಲ್ಲಿಟ್ಟುಕೊಂಡ ಸಂಖ್ಯೆ

ಹಳೆಯ ಪಿಐಡಿ ಸಂಖ್ಯೆಯ ರಚನೆ ಗೊತ್ತಿರುವವರಿಗೆ ಇಂದಿನ ಗೊಂದಲದ ಅರ್ಧ ತಾನಾಗಿಯೇ ಅರ್ಥವಾಗುತ್ತದೆ. ವಾರ್ಡ್ ಸಂಖ್ಯೆ, ರಸ್ತೆಯ ಸಂಖ್ಯೆ, ನಿವೇಶನದ ಸಂಖ್ಯೆ ಇವು ಮೂರನ್ನೂ ಜೋಡಿಸಿದರೆ ಪಿಐಡಿ. ಕಾಗದದ ವಹಿಯ ಕಾಲದಲ್ಲಿ ಇದು ಜಾಣತನದ ಏರ್ಪಾಡು. ಸಂಖ್ಯೆ ನೋಡಿದ ಗುಮಾಸ್ತರಿಗೆ ಯಾವ ಬೀರುವಿನ ಯಾವ ಪುಸ್ತಕ ತೆಗೆಯಬೇಕೆಂದು ಕೂಡಲೇ ತಿಳಿಯುತ್ತಿತ್ತು. ಆದರೆ ವಾರ್ಡ್ ಎಂಬುದು ಚುನಾವಣೆಗಾಗಿ ಆಗಾಗ ಬದಲಾಗುವ ಗೆರೆ. 198 ವಾರ್ಡುಗಳ ಬೆಂಗಳೂರು ಮರುವಿಂಗಡಣೆಯಲ್ಲಿ 2022ರಲ್ಲಿ 243 ಆಯಿತು, ಮರುವರ್ಷ 225 ಆಯಿತು, ಈಗ 369 ಆಗಿದೆ. ಆಸ್ತಿ ಇದ್ದಲ್ಲೇ ಇದೆ, ಅದರ ಗುರುತಿನ ಮೊದಲ ಅಂಕಿ ಮಾತ್ರ ಸುಳ್ಳಾಗುತ್ತ ಹೋಗಿದೆ.

ಗುರುತಿನ ಸಂಖ್ಯೆಯೊಳಗೆ ಬದಲಾಗುವ ಸಂಗತಿಯನ್ನು ಹುದುಗಿಸಬಾರದು ಎಂಬುದು ದತ್ತಾಂಶ ವಿನ್ಯಾಸದ ಮೊದಲ ಪಾಠಗಳಲ್ಲಿ ಒಂದು. ಆಧಾರ್‌ನ 12 ಅಂಕಿಗಳಲ್ಲಿ ಊರು, ಜಾತಿ, ವಯಸ್ಸು ಯಾವುದರ ಸುಳಿವೂ ಇಲ್ಲದಿರುವುದು ಇದೇ ಕಾರಣಕ್ಕೆ. ಮನೆ ಬದಲಿಸಿದರೂ ಸಂಖ್ಯೆ ಬದಲಾಗಬೇಕಿಲ್ಲ. ದೇಶದ ಜಮೀನುಗಳಿಗೆ ಕೊಡುತ್ತಿರುವ ಭೂ ಆಧಾರ್‌ನ 14 ಅಕ್ಷರಗಳು ಅಕ್ಷಾಂಶ–ರೇಖಾಂಶವನ್ನು ಆಧರಿಸಿವೆ, ಅದೂ ತೊಂದರೆಯಿಲ್ಲ, ಏಕೆಂದರೆ ಜಮೀನು ಎದ್ದು ನಡೆಯುವುದಿಲ್ಲ. ನಾಳೆ ಹೊಸ ಪಾಲಿಕೆಗಳು ‘ಪೂರ್ವ’, ‘ಪಶ್ಚಿಮ’ ಎಂಬ ಸಂಕೇತವನ್ನು ಆಸ್ತಿ ಸಂಖ್ಯೆಯ ಮುಂದೆ ಅಂಟಿಸಿದರೆ ಹಳೆಯ ತಪ್ಪನ್ನೇ ಹೊಸ ತಂತ್ರಾಂಶದಲ್ಲಿ ಬರೆದಂತಾಗುತ್ತದೆ.

ದೆಹಲಿಯ ಉದಾಹರಣೆ ನೆನಪಿಡಬೇಕಾದದ್ದು. ಅಲ್ಲಿನ ಮಹಾನಗರ ಪಾಲಿಕೆಯನ್ನು 2012ರಲ್ಲಿ ಮೂರಾಗಿ ಒಡೆದರು, 2022ರಲ್ಲಿ ಮತ್ತೆ ಒಂದು ಮಾಡಿದರು. ಹತ್ತು ವರ್ಷಕ್ಕೊಮ್ಮೆ ಒಡೆಯುವ, ಕೂಡುವ ಆಡಳಿತದ ಗೆರೆಗಳ ಮೇಲೆ ದಾಖಲೆಯ ಬುನಾದಿ ಹಾಕಬಾರದು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಚೌಕಟ್ಟು ಎಂದರೇನು, ಅದು ಎಲ್ಲಿಂದ ಬಂತು

ಐಬಿಎಂನಲ್ಲಿದ್ದ ಜಾನ್ ಜಾಕ್‌ಮನ್ 1987ರಲ್ಲಿ ಆ ಕಂಪನಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಟ್ಟಡ, ವಿಮಾನ ಕಟ್ಟುವವರು ಒಂದೇ ವಸ್ತುವನ್ನು ಮಾಲೀಕನ ಕಣ್ಣಿನಲ್ಲಿ ಒಂದು ಬಗೆಯಾಗಿ, ವಿನ್ಯಾಸಕಾರನ ಕಣ್ಣಿನಲ್ಲಿ ಇನ್ನೊಂದು ಬಗೆಯಾಗಿ, ಕಟ್ಟುವವನ ಕಣ್ಣಿನಲ್ಲಿ ಮತ್ತೊಂದು ಬಗೆಯಾಗಿ ಚಿತ್ರಿಸುತ್ತಾರೆ. ಮಾಹಿತಿ ವ್ಯವಸ್ಥೆಗೂ ಹಾಗೆಯೇ ಹಲವು ಚಿತ್ರಗಳು ಬೇಕು ಎಂಬುದು ಅವರ ವಾದ. ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಏಕೆ ಎಂಬ ಆರು ಪ್ರಶ್ನೆಗಳನ್ನು ಅಡ್ಡಕ್ಕೂ ನೋಡುವವರ ಸ್ಥಾನಗಳನ್ನು ಉದ್ದಕ್ಕೂ ಇಟ್ಟ ಅವರ ಚೌಕಗಳ ಕೋಷ್ಟಕ ಇಂದಿಗೂ ಬಳಕೆಯಲ್ಲಿದೆ. ಅದು ಏನನ್ನು ಬರೆದಿಡಬೇಕೆಂದು ಹೇಳುತ್ತದೆ, ಯಾವ ಕ್ರಮದಲ್ಲಿ ಮಾಡಬೇಕೆಂದು ಹೇಳುವುದಿಲ್ಲ.

ಕ್ರಮ ಹೇಳಿದ್ದು ಟೋಗಾಫ್ ಎಂಬ ಇನ್ನೊಂದು ಚೌಕಟ್ಟು. ಅಮೆರಿಕದ ರಕ್ಷಣಾ ಇಲಾಖೆಯ ಚೌಕಟ್ಟೊಂದನ್ನು ಆಧರಿಸಿ ಓಪನ್ ಗ್ರೂಪ್ ಎಂಬ ಒಕ್ಕೂಟ 1995ರಲ್ಲಿ ಇದರ ಮೊದಲ ಆವೃತ್ತಿ ತಂದಿತು. 2022ರಲ್ಲಿ ಹತ್ತನೆಯದು ಬಂತು. ನಮ್ಮ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2018ರಲ್ಲಿ ಪ್ರಕಟಿಸಿದ ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂಬ ಚೌಕಟ್ಟು ಸರ್ಕಾರಿ ಸಂಸ್ಥೆಗಳಿಗೆ ಎಂಟು ಮಾದರಿಗಳನ್ನು ಕೊಡುತ್ತದೆ. ಅಂದರೆ ಈ ಕೆಲಸಕ್ಕೆ ಸಲಕರಣೆ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಎಲ್ಲ ಚೌಕಟ್ಟುಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದು ನಾಲ್ಕು ಪದರಗಳ ಕಲ್ಪನೆ. ಮೇಲಿನದು ಕಾರ್ಯದ ಪದರ: ಖಾತಾ ವರ್ಗಾವಣೆ ಮಾಡುವುದು, ಜನನ ಪ್ರಮಾಣಪತ್ರ ಕೊಡುವುದು, ಕಸ ಎತ್ತುವುದು. ಅದರ ಕೆಳಗೆ ಮಾಹಿತಿಯ ಪದರ: ಆಸ್ತಿ, ಮಾಲೀಕ, ರಸ್ತೆ, ಚರಂಡಿ. ಅದರ ಕೆಳಗೆ ತಂತ್ರಾಂಶ, ಎಲ್ಲಕ್ಕಿಂತ ಕೆಳಗೆ ಸರ್ವರು, ಜಾಲ ಇತ್ಯಾದಿ ಯಂತ್ರಗಳು. ಮೇಲಿನದನ್ನು ಸ್ಪಷ್ಟ ಮಾಡಿಕೊಂಡು ಕೆಳಗೆ ಇಳಿಯಬೇಕು ಎಂಬುದು ನಿಯಮ. ನಮ್ಮಲ್ಲಿ ಸಾಮಾನ್ಯವಾಗಿ ಟೆಂಡರು ಕರೆಯುವುದು ಮೂರನೆಯ ಪದರಕ್ಕೆ, ಹಣ ಬಿಡುಗಡೆಯಾಗುವುದು ನಾಲ್ಕನೆಯದಕ್ಕೆ. ಮೊದಲೆರಡರ ತೀರ್ಮಾನ ತಂತ್ರಾಂಶ ಬರೆಯುವ ಹುಡುಗರ ಪಾಲಿಗೆ ಬೀಳುತ್ತದೆ. ಖಾತೆದಾರರು ತೀರಿಕೊಂಡರೆ ಅರ್ಜಿ ಯಾರ ಲಾಗಿನ್‌ಗೆ ಹೋಗಬೇಕೆಂಬ ಪ್ರಶ್ನೆಗೆ ಕಾನೂನಿನಲ್ಲಿರುವ ಉತ್ತರವನ್ನು ಯಾರೂ ಕೇಳದೆ ಹೋದಾಗ, ಪರದೆಯ ಮೇಲೆ ಯಾವ ಗುಂಡಿ ಇದೆಯೋ ಅದೇ ಕಾನೂನಾಗುತ್ತದೆ.

ಚಕ್ರವನ್ನು ಬೆಂಗಳೂರಿನ ಮೇಲೆ ಉರುಳಿಸಿದರೆ

ಟೋಗಾಫ್‌ನ ವಿಧಾನವನ್ನು ಚಕ್ರದಂತೆ ಚಿತ್ರಿಸುತ್ತಾರೆ. ಪೂರ್ವಸಿದ್ಧತೆಯ ನಂತರ ‘ಎ’ಯಿಂದ ‘ಎಚ್’ವರೆಗೆ ಎಂಟು ಹಂತಗಳು, ನಡುವೆ, ಗುಂಬದಂತೆ, ಎಲ್ಲ ಹಂತಗಳಿಗೂ ತಾಗುವ ಅಗತ್ಯಗಳ ನಿರ್ವಹಣೆ. ಎಲ್ಲವನ್ನೂ ಇಲ್ಲಿ ವಿವರಿಸಬೇಕಿಲ್ಲ. ಮುಖ್ಯವಾದದ್ದು ಇಷ್ಟು: ಇಂದಿನ ಸ್ಥಿತಿಯನ್ನು ಬರೆಯಬೇಕು, ಬೇಕಾದ ಸ್ಥಿತಿಯನ್ನು ಬರೆಯಬೇಕು, ನಡುವಿನ ಕಂದರವನ್ನು ಅಳೆಯಬೇಕು, ಆ ಕಂದರವನ್ನು ಒಂದೇ ನೆಗೆತಕ್ಕೆ ದಾಟದೆ ಮೆಟ್ಟಿಲು ಮೆಟ್ಟಿಲಾಗಿ ದಾಟುವ ಯೋಜನೆ ಮಾಡಬೇಕು.

ಇಂದಿನ ಸ್ಥಿತಿಯನ್ನು ಬರೆಯುವುದು ಬೇಸರದ ಕೆಲಸ, ಆದರೆ ಕಣ್ಣು ತೆರೆಸುವ ಕೆಲಸವೂ ಹೌದು. ಸೆಪ್ಟೆಂಬರ್ 1ರಂದು ಬಿಬಿಎಂಪಿಯ ಸಹಾಯಕ ಕಂದಾಯ ಅಧಿಕಾರಿಯ ಮುಂದಿದ್ದ ಖಾತಾ ವರ್ಗಾವಣೆಯ ಅರ್ಜಿ ಮರುದಿನ ಯಾರ ಮುಂದಿದೆ? ಅವರ ಕಚೇರಿಯ ವ್ಯಾಪ್ತಿಯನ್ನು ಹೊಸ ಗಡಿ ಎರಡಾಗಿ ಸೀಳಿದ್ದರೆ? ತೆರಿಗೆಯ ಹಳೆಯ ಬಾಕಿ ಯಾವ ಪಾಲಿಕೆಯ ಲೆಕ್ಕಕ್ಕೆ ಜಮೆಯಾಗಬೇಕು, ಬಿಬಿಎಂಪಿ ಕಾಲದ ನ್ಯಾಯಾಲಯದ ತಡೆಯಾಜ್ಞೆಯನ್ನು ಯಾವ ಪಾಲಿಕೆಯ ದಾಖಲೆಯಲ್ಲಿ ಗುರುತಿಸಬೇಕು? ಇವೆಲ್ಲ ತಂತ್ರಾಂಶದ ಪ್ರಶ್ನೆಗಳಂತೆ ಕಂಡರೂ ಉತ್ತರ ಕೊಡಬೇಕಾದವರು ಆಡಳಿತಗಾರರು.

ಮೆಟ್ಟಿಲುಗಳ ಯೋಜನೆಗೂ ಊರಿನ ಪಂಚಾಂಗ ಗೊತ್ತಿರಬೇಕು. ಇಡೀ ವರ್ಷದ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ 5ರ ರಿಯಾಯಿತಿ ಸಿಗುತ್ತಿದ್ದುದರಿಂದ ಆ ತಿಂಗಳು ಜಾಲತಾಣದ ಮೇಲೆ ಜಾತ್ರೆ. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಜಿಗಿಯಲು ಏಪ್ರಿಲ್ ಆರಿಸಿಕೊಂಡವರು ತೇರಿನ ದಿನ ದೇವಸ್ಥಾನದ ಬಾಗಿಲು ರಿಪೇರಿಗೆ ಹೊರಟಂತೆ.

‘ಬೆಂಗಳೂರು ದಕ್ಷಿಣ’ ಎಂದರೆ ಯಾವುದು?

ಮಾಹಿತಿಯ ಪದರದಲ್ಲಿ ಎದುರಾಗುವ ತೊಂದರೆಗೆ ಇಷ್ಟು ಒಳ್ಳೆಯ ಉದಾಹರಣೆ ಬೇರೆ ಯಾವ ಊರಿನಲ್ಲೂ ಸಿಗಲಾರದು. ‘ಬೆಂಗಳೂರು ದಕ್ಷಿಣ’ ಎಂಬುದು ಈಗ ಒಂದು ನಗರ ಪಾಲಿಕೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರವಿದೆ, ವಿಧಾನಸಭಾ ಕ್ಷೇತ್ರವಿದೆ, ಬೆಂಗಳೂರು ನಗರ ಜಿಲ್ಲೆಯಲ್ಲಿ ತಾಲ್ಲೂಕಿದೆ. ಹಳೆಯ ಬಿಬಿಎಂಪಿಯಲ್ಲಿ ದಕ್ಷಿಣ ವಲಯವೂ ಇತ್ತು. ಇವು ಸಾಲದೆಂಬಂತೆ ರಾಮನಗರ ಜಿಲ್ಲೆಗೆ 2025ರಲ್ಲಿ ರಾಜ್ಯ ಸರ್ಕಾರ ಅದೇ ಹೆಸರಿಟ್ಟಿತು. ಈ ಆರರ ಗಡಿಗಳಲ್ಲಿ ಯಾವ ಎರಡೂ ಒಂದಲ್ಲ. ಮಾಗಡಿಯ ರೈತರ ವಿಳಾಸದ ‘ಬೆಂಗಳೂರು ದಕ್ಷಿಣ’ವನ್ನೂ ಜಯನಗರದ ಬಾಡಿಗೆದಾರರ ವಿಳಾಸದ ‘ಬೆಂಗಳೂರು ದಕ್ಷಿಣ’ವನ್ನೂ ಹೆಸರಿನ ಆಧಾರದ ಮೇಲೆ ಹೊಂದಿಸಲು ಹೊರಟ ತಂತ್ರಾಂಶ ಖಂಡಿತ ಎಡವುತ್ತದೆ.

ಇಂಥ ನಕ್ಷೆ ಬರೆಯುವ ಆರ್ಕಿಟೆಕ್ಟುಗಳು ಇದಕ್ಕೆ ಹೇಳುವ ಮದ್ದು ಸರಳ: ಹೆಸರನ್ನು ಜನರಿಗೆ ಬಿಡಿ, ಯಂತ್ರಗಳ ನಡುವಿನ ಮಾತಿಗೆ ಸಂಕೇತ ಬಳಸಿ, ಯಾವ ಸಂಕೇತಕ್ಕೆ ಯಾವ ಅರ್ಥವೆಂಬ ಕೋಶವನ್ನು ಒಬ್ಬರೇ ನಿರ್ವಹಿಸಿ. ಸ್ಥಳೀಯ ಸಂಸ್ಥೆಗಳಿಗೆ ಸಂಕೇತ ಕೊಡುವ ಕೋಶವೊಂದು ಕೇಂದ್ರ ಪಂಚಾಯತಿ ರಾಜ್ ಸಚಿವಾಲಯದಲ್ಲಿ ಈಗಾಗಲೇ ಇದೆ. ಅದನ್ನು ಐದೂ ಪಾಲಿಕೆ, ಜಲಮಂಡಳಿ, ಬೆಸ್ಕಾಂ, ನೋಂದಣಿ ಇಲಾಖೆ ಒಂದೇ ರೀತಿ ಬಳಸುತ್ತವೆಯೇ ಎಂಬುದು ನೋಡಬೇಕಾದ ಸಂಗತಿ. ಬೆಸ್ಕಾಂ ಎಂಟು ಜಿಲ್ಲೆಗಳಿಗೆ ಕರೆಂಟು ಕೊಡುವ ಕಂಪನಿ. ಪಾಲಿಕೆ ಒಡೆದ ಮಾತ್ರಕ್ಕೆ ಅದರ ವಿಭಾಗ, ಉಪವಿಭಾಗಗಳು ಬದಲಾಗಬೇಕಿಲ್ಲ.

ಮೂರು ವಾದಗಳು

ಮುಂದಿನ ದಾರಿಯ ಬಗ್ಗೆ ಮೂರು ನಿಲುವುಗಳಿವೆ. ಮೊದಲನೆಯದು ಏಕೀಕರಣದ ನಿಲುವು: ಪ್ರಾಧಿಕಾರದ ಕೈಯಲ್ಲಿ ಒಂದೇ ತಂತ್ರಾಂಶ, ಒಂದೇ ದತ್ತಸಂಚಯ ಇರಲಿ, ಐದು ಪಾಲಿಕೆಗಳೂ ಅದನ್ನೇ ಬಳಸಲಿ. ಖರ್ಚು ಕಡಿಮೆ, ನಾಗರಿಕರಿಗೆ ಗೊಂದಲ ಕಡಿಮೆ. ಎರಡನೆಯದು ಸ್ವಾಯತ್ತತೆಯ ನಿಲುವು. 1992ರ ಸಂವಿಧಾನದ 74ನೇ ತಿದ್ದುಪಡಿ ನಗರ ಸ್ಥಳೀಯ ಸಂಸ್ಥೆಗಳನ್ನು ಸರ್ಕಾರದ ಅಂಗಸಂಸ್ಥೆಗಳಾಗಿ ಕಂಡಿಲ್ಲ. ಹನ್ನೆರಡನೇ ಅನುಸೂಚಿಯ 18 ವಿಷಯಗಳನ್ನು ಅವುಗಳ ಕೈಗೆ ಕೊಡಬಹುದೆಂದಿದೆ. ತಂತ್ರಾಂಶದ ಬೀಗದ ಕೈ ಮೇಲಿನವರ ಬಳಿ ಇದ್ದರೆ, ಚುನಾಯಿತ ಪಾಲಿಕೆಯೊಂದು ನಿಯಮ ಬದಲಿಸಬೇಕೆಂದಾಗ ‘ಸಾಫ್ಟ್‌ವೇರ್‌ನಲ್ಲಿ ಅವಕಾಶವಿಲ್ಲ’ ಎಂಬ ಉತ್ತರ ಬರುತ್ತದೆ, ಕಾಗದದಲ್ಲಿ ಕೊಟ್ಟ ಅಧಿಕಾರ ಪರದೆಯಲ್ಲಿ ಮಾಯವಾಗುತ್ತದೆ ಎಂಬುದು ಈ ಪಕ್ಷದ ಆತಂಕ. ಈ ಆತಂಕ ಉತ್ಪ್ರೇಕ್ಷೆಯಲ್ಲ.

ಇವೆರಡರ ಹಿಂದೆಯೂ ಒಂದು ಹಳೆಯ ಅವಲೋಕನ ಕೆಲಸ ಮಾಡುತ್ತಿದೆ. ಸಂಸ್ಥೆಯೊಂದು ಕಟ್ಟುವ ವ್ಯವಸ್ಥೆ ಅದರೊಳಗಿನ ಜನ ಪರಸ್ಪರ ಹೇಗೆ ಮಾತಾಡಿಕೊಳ್ಳುತ್ತಾರೆ ಎಂಬುದರ ಅಚ್ಚಾಗಿರುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದರು. ಐದು ಆಯುಕ್ತರು, ಐದು ಕಂದಾಯ ವಿಭಾಗ, ಐದು ಮಾಹಿತಿ ತಂತ್ರಜ್ಞಾನ ಕೋಶಗಳಾದರೆ, ಯಾರೂ ಬಯಸದಿದ್ದರೂ ಕೆಲವೇ ವರ್ಷಗಳಲ್ಲಿ ಐದು ತಂತ್ರಾಂಶಗಳಾಗುತ್ತವೆ. ಮೊದಲು ಒಂದು ಪಾಲಿಕೆ ಒಂದು ಹೆಚ್ಚುವರಿ ಕಾಲಂ ಕೇಳುತ್ತದೆ, ಇನ್ನೊಂದು ಬೇರೆ ಗುತ್ತಿಗೆದಾರರನ್ನು ಹಿಡಿಯುತ್ತದೆ, ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ.

ಮೂರನೆಯದು ಒಕ್ಕೂಟದ ನಿಲುವು. ಎಸ್ಟೋನಿಯಾ ದೇಶ 2001ರಿಂದ ಬಳಸುತ್ತಿರುವ ಎಕ್ಸ್–ರೋಡ್ ಇದರ ಹೆಸರಾಂತ ಮಾದರಿ. ಅಲ್ಲಿ ಎಲ್ಲರ ಮಾಹಿತಿಯನ್ನು ಒಂದೇ ಉಗ್ರಾಣಕ್ಕೆ ತುಂಬಿಲ್ಲ. ಪ್ರತಿ ಇಲಾಖೆಯ ಮಾಹಿತಿ ಅಲ್ಲಲ್ಲೇ ಇರುತ್ತದೆ, ಒಂದು ಇನ್ನೊಂದನ್ನು ಸುರಕ್ಷಿತ ಹಾದಿಯಲ್ಲಿ ಕೇಳುತ್ತದೆ, ಯಾರು ಕೇಳಿದರೆಂಬುದು ದಾಖಲಾಗುತ್ತದೆ. ಒಬ್ಬ ನಾಗರಿಕರಿಂದ ಒಮ್ಮೆ ಪಡೆದ ಮಾಹಿತಿಯನ್ನು ಮತ್ತೆ ಕೇಳಬಾರದೆಂಬ ತತ್ವ ಇದರೊಂದಿಗೆ ಬರುತ್ತದೆ. ಇದರ ಕಷ್ಟವೆಂದರೆ ಪ್ರತಿಯೊಂದು ಮಾಹಿತಿಗೂ ಒಬ್ಬರೇ ಯಜಮಾನರೆಂದು ಮೊದಲು ಒಪ್ಪಬೇಕು. ಮಾಲೀಕರ ಹೆಸರಿನ ವಿಷಯದಲ್ಲಿ ನೋಂದಣಿ ಇಲಾಖೆಯ ಮಾತು ಕೊನೆಯದೇ, ಪಾಲಿಕೆಯದೇ? ನಿವೇಶನದ ಅಳತೆಯಲ್ಲಿ ಭೂಮಾಪನ ಇಲಾಖೆಯದೇ, ಕ್ರಯಪತ್ರದ್ದೇ? ಈ ಪ್ರಶ್ನೆಗಳನ್ನು ಮುಂದೂಡುತ್ತ ಬಂದ ಕಾರಣವೇ ಒಂದು ಸೈಟಿಗೆ ಎಂಟು ಸಂಖ್ಯೆಗಳಾದದ್ದು.

‘ಒಂದೋ, ಐದೋ’ ಎಂಬ ಪ್ರಶ್ನೆಯೇ ತಪ್ಪು

ಮೂರು ವಾದಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ಹಟವೇ ತೊಡಕಿನದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ಸಂಸ್ಥೆಗಳನ್ನು ನೋಡಿ ಮಾಡಿದ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರು ಕೇಳುವುದು ಎರಡು ಪ್ರಶ್ನೆ: ಶಾಖೆಗಳ ನಡುವೆ ಮಾಹಿತಿ ಎಷ್ಟು ಹಂಚಿಕೆಯಾಗಬೇಕು, ಕೆಲಸದ ವಿಧಾನ ಎಷ್ಟು ಒಂದೇ ಆಗಿರಬೇಕು? ಒಂದೇ ಮಾಲೀಕರ ಹತ್ತು ದರ್ಶಿನಿಗಳಲ್ಲಿ ಸಾಂಬಾರಿನ ಅಳತೆ ಒಂದೇ ಇರಬೇಕು. ಆದರೆ ಮಲ್ಲೇಶ್ವರದಲ್ಲಿ ಇಡ್ಲಿ ತಿಂದವರು ಯಾರೆಂದು ಬನಶಂಕರಿಯ ಶಾಖೆಗೆ ತಿಳಿಯಬೇಕಿಲ್ಲ. ಬ್ಯಾಂಕಿನಲ್ಲಿ ಎರಡೂ ಬೇಕು, ಮಲ್ಲೇಶ್ವರದಲ್ಲಿ ಕಟ್ಟಿದ ಹಣ ಬನಶಂಕರಿಯಲ್ಲಿ ಕಾಣಲೇಬೇಕು. ಆಸ್ಪತ್ರೆ ಮತ್ತು ಪ್ರಯೋಗಾಲಯದ ನಡುವೆ ರೋಗಿಯ ಮಾಹಿತಿ ಹಂಚಿಕೆಯಾಗಬೇಕು, ಕೆಲಸದ ವಿಧಾನ ಬೇರೆಯೇ ಇರುತ್ತದೆ.

ಪಾಲಿಕೆಯ ಒಂದೊಂದು ಕೆಲಸಕ್ಕೂ ಈ ಎರಡು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಿದರೆ ಉತ್ತರಗಳು ಬೇರೆ ಬೇರೆ ಬರುತ್ತವೆ. ವ್ಯಾಪಾರ ಪರವಾನಗಿ ದರ್ಶಿನಿಯ ಹಾಗೆ. ವಿಧಾನ ಒಂದೇ ಇದ್ದರೆ ಸಾಕು. ಆಸ್ತಿಯ ಮೂಲ ನೋಂದಣಿ ಬ್ಯಾಂಕಿನ ಹಾಗೆ. ಸಂಖ್ಯೆ, ಗಡಿ, ಮಾಲೀಕತ್ವದ ಕೊಂಡಿ ಇಡೀ ನಗರಕ್ಕೆ ಒಂದೇ ಇರಬೇಕು. ಆ ಆಸ್ತಿಯ ಮೇಲೆ ಕಾನೂನಿನ ಮಿತಿಯೊಳಗೆ ಎಷ್ಟು ತೆರಿಗೆ ಹಾಕಬೇಕು, ಯಾರಿಗೆ ವಿನಾಯಿತಿ ಕೊಡಬೇಕು ಎಂಬುದು ಪಾಲಿಕೆಗೆ ಬಿಟ್ಟದ್ದು, ತಂತ್ರಾಂಶ ಅದನ್ನು ಬದಲಿಸಬಹುದಾದ ಕೋಷ್ಟಕವಾಗಿ ಇಟ್ಟುಕೊಳ್ಳಬೇಕು. ರಾಜಕಾಲುವೆಯ ಮಾಹಿತಿ ಆಸ್ಪತ್ರೆ–ಪ್ರಯೋಗಾಲಯದ ಹಾಗೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ನಗರದ ಒಡಲಿನಿಂದ ಹೊರಟು ಬೆಳ್ಳಂದೂರು ಕೆರೆ, ಅಲ್ಲಿಂದ ವರ್ತೂರು ಕೆರೆ ಸೇರುವಾಗ ಪಾಲಿಕೆಗಳ ಗಡಿ ಕೇಳುವುದಿಲ್ಲ. ಮೇಲಿನ ಪಾಲಿಕೆ ಹೂಳೆತ್ತಿದ್ದು, ಕಾಲುವೆ ಕಿರಿದಾದದ್ದು ಕೆಳಗಿನ ಪಾಲಿಕೆಗೆ ಮಳೆಗೆ ಮೊದಲೇ ಗೊತ್ತಾಗಬೇಕು.

ದೂರುಗಳಲ್ಲಿ ಹುರುಳಿದೆ

ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂದೊಡನೆ ಮೂಗು ಮುರಿಯುವವರೂ ಉದ್ಯಮದಲ್ಲಿ ಕಡಿಮೆಯಿಲ್ಲ. ಎರಡು ವರ್ಷ ನಕ್ಷೆ ಬರೆಯುತ್ತ ಕೂತು, ಕೊನೆಗೆ ಯಾರೂ ತೆರೆಯದ ಕಡತವೊಂದನ್ನು ಒಪ್ಪಿಸಿ ಹೋದ ಸಲಹಾ ತಂಡಗಳ ಕಥೆಗಳು ಅವರ ಬಳಿ ಇವೆ. ಸಣ್ಣ ಸಣ್ಣ ತುಂಡುಗಳಾಗಿ ಕಟ್ಟುತ್ತ, ಬಳಸುವವರಿಂದ ಕಲಿಯುತ್ತ ಹೋಗುವುದೇ ಮೇಲು ಎನ್ನುತ್ತಾರೆ. ಈ ಟೀಕೆ ಸರಿಯಾದದ್ದೇ, ಆದರೆ ಅದು ತಾಗುವುದು ಅತಿಯಾದ ನಕ್ಷೆಗಾರಿಕೆಗೆ. ಸಣ್ಣ ತುಂಡುಗಳಾಗಿ ಕಟ್ಟುವವರಿಗೂ ಆಸ್ತಿಯ ಗುರುತು ಯಾವುದೆಂದು ಮೊದಲ ದಿನವೇ ಗೊತ್ತಿರಬೇಕು. ಪರದೆಯ ಬಣ್ಣವನ್ನು ಹತ್ತು ಸಲ ಬದಲಿಸಬಹುದು, 20 ಲಕ್ಷ ಆಸ್ತಿಗಳ ಸಂಖ್ಯೆಯನ್ನು ಎರಡನೇ ಸಲ ಬದಲಿಸಲಾಗದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ದಾಖಲೆಗಳು ಒಂದಕ್ಕೊಂದು ಬೆಸೆದಷ್ಟೂ ವ್ಯಕ್ತಿಯೊಬ್ಬರ ಮನೆ, ನೀರು, ಕರೆಂಟು, ಕುಟುಂಬದ ಚಿತ್ರ ಒಂದೇ ಕ್ಲಿಕ್ಕಿಗೆ ಸಿಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾಯ್ದೆಯೂ ಬಂತು. ಆದ್ದರಿಂದ ಯಾವ ಅಧಿಕಾರಿ ಯಾವ ಉದ್ದೇಶಕ್ಕೆ ಯಾವ ಕಾಲಂ ನೋಡಬಹುದು ಎಂಬುದು ತಂತ್ರಾಂಶ ಸಿದ್ಧವಾದ ಮೇಲೆ ಅಂಟಿಸುವ ತೇಪೆಯಾಗಬಾರದು, ಮಾಹಿತಿಯ ಪದರದಲ್ಲೇ ಬರೆದಿರಬೇಕು. ಒಂದೇ ಉಗ್ರಾಣಕ್ಕಿಂತ ಒಕ್ಕೂಟದ ಮಾದರಿ ಮೇಲೆನಿಸುವುದಕ್ಕೆ ಇದೂ ಒಂದು ಕಾರಣ.

ಮೂರನೆಯ ದೂರು ಅನುಭವದ್ದು. ರಸ್ತೆ ಅಗೆಯುವ ಸಂಸ್ಥೆಗಳ ನಡುವೆ ಹೊಂದಾಣಿಕೆ ತರಲು ಬಿಬಿಎಂಪಿಯಲ್ಲಿ ಜಾಲತಾಣವೊಂದನ್ನು ಮಾಡಲಾಗಿತ್ತು. ಜಲಮಂಡಳಿ, ಬೆಸ್ಕಾಂ, ಕೇಬಲ್ ಕಂಪನಿಗಳು ಅದರಲ್ಲಿ ಅನುಮತಿ ಕೇಳಬೇಕಿತ್ತು. ಆದರೂ ಹೊಸ ಡಾಂಬರಿನ ಮೇಲೆ ಗುದ್ದಲಿ ಬೀಳುವುದು ನಿಲ್ಲಲಿಲ್ಲ. ಮಾಹಿತಿ ಹಂಚಿಕೆಯಾದರೂ ‘ಈಗ ಬೇಡ’ ಎಂದು ಹೇಳುವ ಅಧಿಕಾರ ಯಾರಿಗೂ ಗಟ್ಟಿಯಾಗಿ ಇಲ್ಲದಿದ್ದರೆ ಹೀಗೇ ಆಗುತ್ತದೆ. ಟೋಗಾಫ್‌ನ ಹಂತಗಳಲ್ಲಿ ‘ಜಿ’ ಎಂಬುದು ಅನುಷ್ಠಾನದ ಮೇಲ್ವಿಚಾರಣೆಗೆ ಮೀಸಲು. ಒಪ್ಪಿದ ನಿಯಮ ಮೀರಿದ ತಂತ್ರಾಂಶಕ್ಕೆ ಹಣ ತಡೆಹಿಡಿಯಬಲ್ಲ ಒಂದು ಮಂಡಳಿ ಇಲ್ಲದೆ ಹೋದರೆ ಮೊದಲಿನ ಆರೂ ಹಂತಗಳು ಗೋಡೆಯ ಮೇಲಿನ ಚಿತ್ರ. ಆ ಮಂಡಳಿ ಕೂರಲು ಸಹಜವಾದ ಜಾಗ ಪ್ರಾಧಿಕಾರವೇ, ಆದರೆ ಅದರಲ್ಲಿ ಪಾಲಿಕೆಗಳಿಗೆ ಸಮಾನ ಮತವಿರಬೇಕು. ಇಲ್ಲವಾದರೆ ಸ್ವಾಯತ್ತತೆಯ ಪಕ್ಷದ ಆತಂಕ ನಿಜವಾಗುತ್ತದೆ.

ಮುಂದೇನು?

ಈಗಿನ ಸ್ಥಿತಿ ಹೀಗೇ ಮುಂದುವರಿದರೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಸದ್ಯಕ್ಕೆ ಬಿಬಿಎಂಪಿ ಕಾಲದ ತಂತ್ರಾಂಶಗಳೇ ಹೊಸ ಹೆಸರಿನ ಫಲಕ ಹೊತ್ತು ನಡೆಯುತ್ತವೆ. ಮೊದಲ ಬಜೆಟ್ಟುಗಳಲ್ಲಿ ಹಣ ಹೆಚ್ಚಿರುವ ಪಾಲಿಕೆ ತನ್ನದೇ ವ್ಯವಸ್ಥೆ ಕಟ್ಟಿಕೊಳ್ಳಲು ಹೊರಡುತ್ತದೆ, ಐಟಿ ಕಾರಿಡಾರಿನ ತೆರಿಗೆ ಬರುವ ಕಡೆ ಇದು ಬೇಗ ಆಗಬಹುದು. ಉಳಿದವು ಹಳೆಯದರಲ್ಲೇ ಉಳಿಯುತ್ತವೆ. ಆಗ ಗಡಿಯ ರಸ್ತೆಯ ಎಡಬದಿಯ ಮನೆಯವರಿಗೆ ಎರಡು ದಿನದಲ್ಲಿ ಸಿಗುವ ಸೇವೆ ಬಲಬದಿಯವರಿಗೆ ಎರಡು ತಿಂಗಳಾಗುತ್ತದೆ. ಬ್ಯಾಂಕಿನವರು, ಉಪನೋಂದಣಿ ಕಚೇರಿಯವರು ಐದು ನಮೂನೆಯ ಖಾತೆಗಳನ್ನು ಗುರುತಿಸಲು ಕಲಿಯಬೇಕಾಗುತ್ತದೆ, ಕಲಿಯುವವರೆಗೆ ಸಾಲದ ಅರ್ಜಿಗಳು ಮೇಜಿನ ಮೇಲಿರುತ್ತವೆ. ನಡುವೆ ಮಧ್ಯವರ್ತಿಗಳಿಗೆ ಕೈತುಂಬ ಕೆಲಸ.

ಬೇರೆ ದಾರಿ ಹಿಡಿಯಲು ಮೊದಲ ಹೆಜ್ಜೆಗೆ ದೊಡ್ಡ ಖರ್ಚೇನೂ ಇಲ್ಲ. ಆಸ್ತಿ ಸಂಖ್ಯೆಯಿಂದ ವಾರ್ಡನ್ನೂ ಪಾಲಿಕೆಯನ್ನೂ ಹೊರತೆಗೆದು, ಅವನ್ನು ಆ ಆಸ್ತಿಯ ದಾಖಲೆಯಲ್ಲಿ ಪ್ರತ್ಯೇಕ ಸಾಲಾಗಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬ ಎರಡು ಕಾಲಂಗಳ ಜೊತೆ ಬರೆಯಬೇಕು. ಪ್ರತಿ ಮಾಹಿತಿಗೂ ಯಜಮಾನ ಇಲಾಖೆ ಯಾವುದೆಂಬ ಒಂದು ಪುಟದ ಪಟ್ಟಿಯನ್ನು ಐವರು ಆಯುಕ್ತರೂ, ಜಲಮಂಡಳಿ, ಬೆಸ್ಕಾಂ, ನೋಂದಣಿ, ಭೂಮಾಪನ ಇಲಾಖೆಗಳ ಮುಖ್ಯಸ್ಥರೂ ಸಹಿ ಮಾಡಿ ಪ್ರಕಟಿಸಬೇಕು. ಸಹಿಗಳು ಸುಲಭವಾಗಿ ಬೀಳುವುದಿಲ್ಲ, ಏಕೆಂದರೆ ಯಜಮಾನಿಕೆಯ ಜೊತೆ ತಪ್ಪಿನ ಹೊಣೆಯೂ ಬರುತ್ತದೆ.

ಇದು ಆಯಿತೋ ಇಲ್ಲವೋ ಎಂದು ತಿಳಿಯಲು ಬಹಳ ಕಾಯಬೇಕಾಗಿಲ್ಲ. ನಗರದ ಅಂಚಿನ ಪಂಚಾಯಿತಿಗಳು ಇಂದಲ್ಲ ನಾಳೆ ಯಾವುದಾದರೊಂದು ಪಾಲಿಕೆಗೆ ಸೇರುತ್ತವೆ. ಬೆಂಗಳೂರು ಬೆಳೆದದ್ದೇ ಹಾಗೆ. ಅಂದು ಆ ಹಳ್ಳಿಯ ಸೈಟುಗಳ ದಾಖಲೆಯಲ್ಲಿ ಪಾಲಿಕೆಯ ಸಾಲು ಮಾತ್ರ ಬದಲಾಗುತ್ತದೆಯೇ, ಅಥವಾ 2007ರಲ್ಲಾದಂತೆ ಮುನಿಯಪ್ಪನವರ ಸೈಟಿಗೆ ಒಂಬತ್ತನೆಯ ಸಂಖ್ಯೆ ಬರುತ್ತದೆಯೇ ಎಂದು ನೋಡಿದರೆ ಸಾಕು.